ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಪಿಎಚ್‌ಡಿ: ದಾಖಲೆ ಕೊಡುತ್ತೇವೆಂಬ ಬಾಯಿಮಾತಿನ ಮೇಲೆ ವಿಷಯ ನೋಂದಾಯಿಸಬೇಡಿ

ನಿರ್ಮಾಣ ಕ್ಷೇತ್ರದಲ್ಲಿ ಕೆಲವು ವರ್ಷ ದುಡಿದು, ಕಾಮಗಾರಿಗಳು ಏಕೆ ತಡವಾಗುತ್ತವೆ, ವೆಚ್ಚ ಏಕೆ ಅಂದಾಜನ್ನು ಮೀರುತ್ತದೆ ಎಂಬ ಪ್ರಶ್ನೆಗಳನ್ನೇ ಡಾಕ್ಟರೇಟ್ ಸಂಶೋಧನೆಯ ವಿಷಯವಾಗಿ ಆರಿಸಿಕೊಳ್ಳಲು ಹೊರಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ಪಿಎಚ್‌ಡಿ ಮಾಡಲೇಬಾರದೆಂದು ನಾನು ಹೇಳುತ್ತಿಲ್ಲ. ಸೈಟ್ ದಾಖಲೆಗಳನ್ನು ಕೊಡುವ ಅಧಿಕಾರ ಯಾರಿಗಿದೆಯೋ ಅವರ ಸಹಿಯಿರುವ ಪತ್ರ ಕೈಸೇರುವವರೆಗೆ ಆ ದಾಖಲೆಗಳನ್ನು ನಂಬಿದ ವಿಷಯವನ್ನು ನೋಂದಾಯಿಸಬೇಡಿ ಎಂಬುದಷ್ಟೇ ನನ್ನ ಎಚ್ಚರಿಕೆ.

ನಾನು ಪ್ಲಾನಿಂಗ್ ಎಂಜಿನಿಯರ್ ಆಗಿದ್ದ ಗುತ್ತಿಗೆ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು, ಕೆಲಸದ ಜೊತೆಯಲ್ಲೇ ಪಿಎಚ್‌ಡಿ ಮಾಡುವ ಇಚ್ಛೆಯನ್ನು ನಾನು ತಿಳಿಸಿದಾಗ, ಮುಗಿದ ಕಾಮಗಾರಿಗಳ ವೇಳಾಪಟ್ಟಿ, ದೈನಂದಿನ ವರದಿ, ಪತ್ರವ್ಯವಹಾರ ಎಲ್ಲವನ್ನೂ ಧಾರಾಳವಾಗಿ ಬಳಸಿಕೊಳ್ಳಬಹುದೆಂದು ಮೀಟಿಂಗಿನಲ್ಲಿ ಎಲ್ಲರೆದುರೇ ಹೇಳಿದರು. ಆ ಮಾತಿನ ಮೇಲೆಯೇ ವಿಷಯ ರೂಪುಗೊಂಡಿತು. ವಿಳಂಬವನ್ನು ಲೆಕ್ಕಹಾಕುವ ಬೇರೆ ಬೇರೆ ವಿಧಾನಗಳನ್ನು ನಿಜವಾದ ಕಾಮಗಾರಿಗಳ ದಾಖಲೆಗಳಿಗೆ ಅನ್ವಯಿಸಿ, ಯಾವ ವಿಧಾನ ಎಲ್ಲಿ ಎಡವುತ್ತದೆ ಎಂದು ತೋರಿಸುವುದು ನನ್ನ ಉದ್ದೇಶವಾಗಿತ್ತು. ಲಿಖಿತ ಅನುಮತಿಗಾಗಿ ಸಿದ್ಧಪಡಿಸಿದ ಪತ್ರದ ಕರಡನ್ನು ಮಾರ್ಗದರ್ಶಕರ ಮುಂದಿಟ್ಟಾಗ ಅವರು ಅದನ್ನು ಬದಿಗೆ ಸರಿಸಿ, 'ದಾಖಲೆ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಲಿಟರೇಚರ್ ರಿವ್ಯೂ ಮುಗಿಸಿ' ಎಂದರು. ಕೋರ್ಸ್‌ವರ್ಕ್ ಮುಗಿಯಿತು, ಸಿನಾಪ್ಸಿಸ್‌ಗೆ (ಸಂಶೋಧನೆಯ ರೂಪುರೇಷೆಗೆ) ಒಪ್ಪಿಗೆ ದೊರೆಯಿತು. ದಾಖಲೆ ಕೇಳುವ ಹೊತ್ತಿಗೆ ಆ ಅಧಿಕಾರಿ ಬೇರೆ ಸಂಸ್ಥೆಗೆ ಹೊರಟುಹೋಗಿದ್ದರು. ಅವರ ಜಾಗಕ್ಕೆ ಬಂದವರು ನನ್ನ ಮನವಿಯನ್ನು ಕಾನೂನು ವಿಭಾಗಕ್ಕೆ ಕಳುಹಿಸಿ ಕೈತೊಳೆದುಕೊಂಡರು. ನಾನು ಹೆಸರಿಸಿದ್ದ ಕಾಮಗಾರಿಗಳ ಕ್ಲೇಮುಗಳು (ಹೆಚ್ಚುವರಿ ಹಣ ಅಥವಾ ಅವಧಿ ಕೋರುವ ಬೇಡಿಕೆಗಳು) ಆರ್ಬಿಟ್ರೇಷನ್‌ನಲ್ಲಿ, ಅಂದರೆ ಮಧ್ಯಸ್ಥಿಕೆದಾರರ ಮುಂದೆ, ಬಾಕಿ ಇರುವುದರಿಂದ ಯಾವ ದಾಖಲೆಯನ್ನೂ ಯಾವ ಉದ್ದೇಶಕ್ಕೂ ಹೊರಗೆ ಕೊಡಲಾಗದು ಎಂಬ ಒಂದೇ ವಾಕ್ಯದ ಉತ್ತರ ಬಂದಿತು.

ಕೋಪ ತಣಿದ ಮೇಲೆ ಯೋಚಿಸಿದರೆ, ಕಾನೂನು ವಿಭಾಗದವರ ನಿಲುವಿನಲ್ಲಿ ಅವರದೇ ಆದ ನ್ಯಾಯವಿದೆ. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2002ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ವಿಳಂಬ ಕುರಿತ ಪ್ರೋಟೋಕಾಲ್, ವಿಳಂಬ ವಿಶ್ಲೇಷಣೆಯ ಆರು ವಿಧಾನಗಳನ್ನು ವಿವರಿಸುತ್ತದೆ. ಒಂದೇ ಕಾಮಗಾರಿಯ ದಾಖಲೆಗಳನ್ನು ಎರಡು ವಿಧಾನಗಳಲ್ಲಿ ಪರಿಶೀಲಿಸಿದರೆ ಮಾಲೀಕರ ಪಾಲಿಗೆ ಬೀಳುವ ವಿಳಂಬದ ದಿನಗಳು ಬೇರೆ ಬೇರೆಯಾಗಿ ಬರಬಹುದು; ವಿವಾದದಲ್ಲಿ ಎರಡೂ ಪಕ್ಷದ ತಜ್ಞರು ಜಗ್ಗಾಡುವುದೇ ಅಲ್ಲಿ. ಇನ್ನೂ ತೀರ್ಮಾನವಾಗದ ಕ್ಲೇಮಿನ ದಾಖಲೆಗಳ ಮೇಲೆ ತನ್ನದೇ ನೌಕರ ಈ ಹೋಲಿಕೆಯನ್ನು ಮಾಡಿ, ಅದನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಡುತ್ತೇನೆಂದರೆ ಯಾವ ಗುತ್ತಿಗೆದಾರ ಒಪ್ಪುತ್ತಾನೆ? ಇದು ವಿಷಯದ ಒಪ್ಪಿಗೆಗೆ ಮೊದಲೇ ಮಾರ್ಗದರ್ಶಕರ ಬಾಯಿಂದ ಬರಬೇಕಾಗಿದ್ದ ಪ್ರಶ್ನೆ. ಅವರ ಹಿಂದಿನ ವಿದ್ಯಾರ್ಥಿಗಳೆಲ್ಲರೂ ಪ್ರಶ್ನಾವಳಿ ಹಂಚಿಯೇ ಪ್ರಬಂಧ ಮುಗಿಸಿದ್ದವರೆಂಬುದು ನನಗೆ ಆಮೇಲೆ ತಿಳಿಯಿತು.

ದಾಖಲೆ ಸಿಕ್ಕಿಬಿಟ್ಟರೂ ಅದು ಸಂಶೋಧನೆಗಾಗಿ ಬರೆದದ್ದಲ್ಲ ಎಂಬುದನ್ನು ಹೊಸಬರು ಅರಿತಿರಬೇಕು. ಕಾಂಕ್ರೀಟ್ ಪಂಪ್ ಕೆಟ್ಟು ಮಧ್ಯಾಹ್ನವಿಡೀ ಸ್ಲ್ಯಾಬ್ ಕೆಲಸ ನಿಂತ ದಿನದ ವರದಿಯಲ್ಲಿ, ಬೆಳಿಗ್ಗೆ ನಾಲ್ಕು ಹನಿ ಬಿದ್ದಿದ್ದನ್ನೇ ನೆಪವಾಗಿಸಿ 'ಮಳೆಯಿಂದ ಕೆಲಸ ಸ್ಥಗಿತ' ಎಂದು ಬರೆದಿರುವುದನ್ನು ನಾನೇ ಕಂಡಿದ್ದೇನೆ. ಅಸಾಧಾರಣ ಹವಾಮಾನಕ್ಕೆ ಅವಧಿ ವಿಸ್ತರಣೆ ಕೇಳಬಹುದು, ತನ್ನ ಯಂತ್ರ ಕೆಟ್ಟಿದ್ದಕ್ಕೆ ಕೇಳುವಂತಿಲ್ಲ. ವರದಿ ಬರೆಯುವ ಸೈಟ್ ಎಂಜಿನಿಯರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ 1999ರ ರೆಡ್ ಬುಕ್‌ ಎಂಬ ಮಾದರಿ ಕರಾರಿನ ಪ್ರಕಾರ ಗುತ್ತಿಗೆದಾರನು ಕ್ಲೇಮಿಗೆ ಕಾರಣವಾದ ಘಟನೆಯನ್ನು ಅರಿತ 28 ದಿನಗಳೊಳಗೆ ನೋಟಿಸ್ ಕೊಡದಿದ್ದರೆ ಆ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಹೀಗಾಗಿ ಮುಂಜಾಗ್ರತೆಯ ಪತ್ರಗಳು ಫೈಲಿನ ತುಂಬ ಇರುತ್ತವೆ, ಅವುಗಳಲ್ಲಿ ನಿಜವಾಗಿ ಕೆಲಸ ನಿಲ್ಲಿಸಿದವು ಯಾವುವು ಎಂಬುದನ್ನು ಫೈಲು ಹೇಳುವುದಿಲ್ಲ. ಇನ್ನು ವೇಳಾಪಟ್ಟಿಯ ಕಂಪ್ಯೂಟರ್ ಫೈಲುಗಳ ಪಾಡು ಇದಕ್ಕಿಂತ ಕಷ್ಟ. ಪ್ರತಿ ತಿಂಗಳ ಅಪ್‌ಡೇಟನ್ನು ಹಳೆಯ ಫೈಲಿನ ಮೇಲೆಯೇ ಉಳಿಸುತ್ತಾ ಹೋಗಿರುವ ಕಡೆ ಬೇಸ್‌ಲೈನೇ, ಅಂದರೆ ಆರಂಭದಲ್ಲಿ ಒಪ್ಪಿದ ಮೂಲ ವೇಳಾಪಟ್ಟಿಯೇ, ಅಳಿಸಿಹೋಗಿರುತ್ತದೆ. ಬೇಸ್‌ಲೈನ್ ಇಲ್ಲದೆ ತಡವಾದದ್ದು ಯಾವುದಕ್ಕೆ ಹೋಲಿಸಿ?

ನನ್ನ ಬಾಗಿಲು ಮುಚ್ಚಿದ ಮೇಲೆ ಮಾರ್ಗದರ್ಶಕರು ಸೂಚಿಸಿದ್ದು, ನೀವು ಊಹಿಸಿರಬಹುದಾದಂತೆ, ಪ್ರಶ್ನಾವಳಿಯನ್ನೇ. ವಿಳಂಬದ ಕಾರಣಗಳ ಪಟ್ಟಿ ಮಾಡಿ, 1ರಿಂದ 5ರವರೆಗೆ ಅಂಕ ಕೊಡಲು ಎಂಜಿನಿಯರುಗಳನ್ನು ಕೇಳಿ, ರಿಲೇಟಿವ್ ಇಂಪಾರ್ಟೆನ್ಸ್ ಇಂಡೆಕ್ಸ್ ಲೆಕ್ಕಹಾಕಿ ಕಾರಣಗಳಿಗೆ ಕ್ರಮಾಂಕ ಕೊಡುವುದು ಈ ಕ್ಷೇತ್ರದಲ್ಲಿ ಸವೆದ ದಾರಿ. ಹೆಸರು ಘನವಾಗಿದ್ದರೂ ಆ ಸೂಚ್ಯಂಕವೆಂದರೆ ಬಂದ ಅಂಕಗಳ ಸರಾಸರಿಯನ್ನು 5ರಿಂದ ಭಾಗಿಸಿದ್ದು, ಅಷ್ಟೇ. ಸರಾಸರಿ 4.2 ಆದರೆ ಸೂಚ್ಯಂಕ 0.84, ಎಲ್ಲರೂ ಕನಿಷ್ಠ ಅಂಕವನ್ನೇ ಕೊಟ್ಟರೂ ಅದು 0.2ಕ್ಕಿಂತ ಕೆಳಗಿಳಿಯದು. ಅದು ಅಳೆಯುವುದು ಉತ್ತರಿಸಿದವರ ಅಭಿಪ್ರಾಯವನ್ನೇ ಹೊರತು ವಿಳಂಬವನ್ನಲ್ಲ. ಗುತ್ತಿಗೆದಾರರನ್ನು ಕೇಳಿದರೆ ಬಿಲ್ ಪಾವತಿ ತಡವಾದದ್ದು ಮೇಲೆ ಬರುತ್ತದೆ, ಮಾಲೀಕರನ್ನು ಕೇಳಿದರೆ ಕಾರ್ಮಿಕರ ಕೊರತೆ ಮೇಲೆ ಬರುತ್ತದೆ. ಅಸ್ಸಾಫ್ ಮತ್ತು ಅಲ್-ಹೆಜ್ಜಿ ಸೌದಿ ಅರೇಬಿಯಾದ ದೊಡ್ಡ ಕಾಮಗಾರಿಗಳ ಬಗ್ಗೆ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 73 ಕಾರಣಗಳನ್ನು ಗುರುತಿಸಿದ್ದರು. ಮಾಲೀಕ, ಕನ್ಸಲ್ಟೆಂಟ್, ಗುತ್ತಿಗೆದಾರ ಮೂವರೂ ಸಾಮಾನ್ಯವಾಗಿ ಹೇಳಿದ ಕಾರಣ ಬದಲಾವಣೆ ಆದೇಶ, ಅಂದರೆ ಕಾಮಗಾರಿಯ ನಡುವೆ ಕೆಲಸವನ್ನು ಬದಲಿಸಲು ಕೊಡುವ ಆದೇಶ. ಆಮೇಲೆ ದೇಶದ ಹೆಸರು ಬದಲಿಸಿ ಅದೇ ಬಗೆಯ ಪ್ರಬಂಧಗಳು ಬರುತ್ತಲೇ ಇವೆ. ನನ್ನ ಪ್ರಗತಿ ಪರಿಶೀಲನೆಯಲ್ಲಿ ಹೊರಗಿನ ಸದಸ್ಯರೊಬ್ಬರು ಪ್ರಶ್ನಾವಳಿಯಿಂದ ಬಂದ ನನ್ನ ಕೋಷ್ಟಕದ ಮೊದಲ ಐದು ಸಾಲುಗಳನ್ನು ಓದಿ, 'ಇದರಲ್ಲಿ ಸೈಟಿನ ಮೇಸ್ತ್ರಿಗೆ ಗೊತ್ತಿಲ್ಲದ್ದು ಯಾವುದು?' ಎಂದು ಕೇಳಿದರು. ಮಾರ್ಗದರ್ಶಕರು ಆಗ ತುಟಿ ಬಿಚ್ಚಲಿಲ್ಲ.

ವಿಷಯ ಆರಿಸುವಾಗ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 2000ದಲ್ಲಿ ಈ ಕ್ಷೇತ್ರದ ಎರಡು ಹೆಸರಾಂತ ಡಾಕ್ಟರೇಟ್ ಪ್ರಬಂಧಗಳು ಬಂದವು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಗ್ಲೆನ್ ಬಲ್ಲಾರ್ಡ್ ಸಲ್ಲಿಸಿದ್ದು ಲಾಸ್ಟ್ ಪ್ಲಾನರ್ ಪದ್ಧತಿಯ ಕುರಿತದ್ದು. ಈ ವಾರ ಮಾಡುತ್ತೇವೆಂದು ಒಪ್ಪಿಕೊಂಡ ಕೆಲಸಗಳಲ್ಲಿ ಎಷ್ಟು ಪಾಲು ಮುಗಿಯಿತು ಎಂಬುದನ್ನು ವಾರವಾರವೂ ಅಳೆಯಬೇಕಾದ್ದರಿಂದ ಸೈಟಿನವರ ಸಹಕಾರವಿಲ್ಲದೆ ಅಂಥದ್ದು ಒಂದು ಹೆಜ್ಜೆಯೂ ಮುಂದೆ ಹೋಗದು. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಲೌರಿ ಕೊಸ್ಕೆಲಾ ಸಲ್ಲಿಸಿದ್ದು ಉತ್ಪಾದನೆಯ ಸಿದ್ಧಾಂತವನ್ನು ನಿರ್ಮಾಣಕ್ಕೆ ಅನ್ವಯಿಸುವ ಪ್ರಯತ್ನ. ಅದರ ಮುಖ್ಯ ವಾದ ಯಾವ ಗುತ್ತಿಗೆದಾರನ ಬೀರುವಿನ ಕೀಲಿಯನ್ನೂ ನೆಚ್ಚಿಕೊಂಡಿಲ್ಲ. ನಿಮ್ಮದು ಇವೆರಡರಲ್ಲಿ ಯಾವ ಜಾತಿಯದೆಂದು ನೋಂದಣಿಗೆ ಮೊದಲೇ ನಿರ್ಧರಿಸಿಕೊಳ್ಳಿ.

ಮೊದಲನೆಯ ಬಗೆಯದಾದರೆ ಅನುಮತಿ ಪತ್ರದಲ್ಲಿ ಯಾವ ಕಾಮಗಾರಿ, ಯಾವ ದಾಖಲೆ, ಯಾವ ಅವಧಿ ಎಂಬುದು ಸ್ಪಷ್ಟವಾಗಿರಲಿ. ಅಂತಿಮ ಬಿಲ್ ಇತ್ಯರ್ಥವಾಗಿ ಕ್ಲೇಮುಗಳೆಲ್ಲ ಮುಗಿದಿರುವ ಕಾಮಗಾರಿಗಳನ್ನೇ ಕೇಳಿ. ಸಹಿ ಮಾಡಿದ ವ್ಯಕ್ತಿ ಹುದ್ದೆ ಬಿಟ್ಟರೂ ಅನುಮತಿ ಊರ್ಜಿತದಲ್ಲಿರುತ್ತದೆ ಎಂಬ ಸಾಲು, ಕಾನೂನು ವಿಭಾಗ ಅದನ್ನು ನೋಡಿದೆ ಎಂಬ ಗುರುತು, ಎರಡೂ ಬೇಕು. ಪ್ರಕಟಣೆಗೆ ಮೊದಲು ತಮಗೆ ತೋರಿಸಬೇಕೆಂದು ಸಂಸ್ಥೆ ಪಟ್ಟುಹಿಡಿದರೆ, ತನ್ನ ಗುರುತು ಬಯಲಾಗದಂತೆ ನೋಡಿಕೊಳ್ಳಲಷ್ಟೇ ಆ ಹಕ್ಕನ್ನು ಕೊಡಿ. ಫಲಿತಾಂಶವನ್ನು ತಿದ್ದುವ ಹಕ್ಕನ್ನು ಕೊಟ್ಟರೆ ಪ್ರಬಂಧ ನಿಮ್ಮದಾಗಿ ಉಳಿಯುವುದಿಲ್ಲ. ಸಿನಾಪ್ಸಿಸ್ ಬರೆಯುವ ಮೊದಲೇ ಒಂದು ತಿಂಗಳ ದಾಖಲೆಯನ್ನು ಮಾದರಿಗಾಗಿ ಪಡೆದು, ಅದರಿಂದ ನಿಮ್ಮ ಪ್ರಶ್ನೆಗೆ ನಿಜಕ್ಕೂ ಉತ್ತರ ಹೊರಡುತ್ತದೆಯೇ ಎಂದು ಪರೀಕ್ಷಿಸಿ. ಮಾರ್ಗದರ್ಶಕರ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ, ದತ್ತಾಂಶ ಅವರಿಗೆ ಎಲ್ಲಿಂದ ಬಂದಿತೆಂದು ಕೇಳುವುದಕ್ಕೆ ಸಂಕೋಚ ಬೇಡ.

ಈಗಾಗಲೇ ನನ್ನಂತೆ ನಡುನೀರಿನಲ್ಲಿ ಇರುವವರಿಗೆ ಪ್ರಶ್ನಾವಳಿಯ ಹೊರತಾಗಿಯೂ ದಾರಿಯಿದೆ. ವಿಳಂಬದ ವಿವಾದಗಳ ಕುರಿತ ನ್ಯಾಯಾಲಯದ ತೀರ್ಪುಗಳು ಸಾರ್ವಜನಿಕ ದಾಖಲೆಗಳು. ಇಂಗ್ಲೆಂಡಿನ ಟೆಕ್ನಾಲಜಿ ಅಂಡ್ ಕನ್‌ಸ್ಟ್ರಕ್ಷನ್ ಕೋರ್ಟಿನ ತೀರ್ಪುಗಳಲ್ಲಿ ಎರಡೂ ಕಡೆಯ ತಜ್ಞರ ವಿಶ್ಲೇಷಣೆ, ಅದನ್ನು ನ್ಯಾಯಾಧೀಶರು ಒಪ್ಪಿದ ಅಥವಾ ತಳ್ಳಿಹಾಕಿದ ಕಾರಣ ಹಲವೆಡೆ ವಿವರವಾಗಿಯೇ ಸಿಗುತ್ತದೆ. ನಾನು ಈಗ ಅವುಗಳನ್ನು ಆಧರಿಸಿ ಸಿನಾಪ್ಸಿಸ್ಸನ್ನು ಬದಲಿಸಿ ಬರೆದು, ಬೇರೊಬ್ಬ ಮಾರ್ಗದರ್ಶಕರ ಮೂಲಕ ಸಮಿತಿಗೆ ಸಲ್ಲಿಸಿದ್ದೇನೆ. ಒಪ್ಪಿಗೆ ಇನ್ನೂ ಬಂದಿಲ್ಲ.