ಸೈಲೇಜ್‌ನ ತೇವ ಅಳೆಯಲು: ಹ್ಯಾಲೊಜೆನ್ ಮೆಷಿನ್, ಎನ್‌ಐಆರ್ ಗನ್, ಹಳೇ ಮೈಕ್ರೋವೇವ್

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಅಡುಗೆಮನೆಯಿಂದ ಹೊರಬಿದ್ದ ಮೈಕ್ರೋವೇವ್ ಓವನ್‌ಗೆ. 52,000 ರೂಪಾಯಿ ಕೊಟ್ಟು ಹ್ಯಾಲೊಜೆನ್ ಮೆಷಿನ್ ತಂದಮೇಲೆ ಬಂದ ಬುದ್ಧಿ ಇದು.

ಕೊಳ್ಳೋಕೆ ಕಾರಣ ಹೋದ ವರ್ಷದ ಸೈಲೇಜ್ ಗುಂಡಿ. ಸೈಲೇಜ್ ಅಂದರೆ ಹಸಿ ಮೇವನ್ನು ಗಾಳಿಯಾಡದ ಹಾಗೆ ಮುಚ್ಚಿಟ್ಟು ಹುಳಿ ಬರಿಸಿದ್ದು. ಟನ್ ಲೆಕ್ಕದಲ್ಲಿ ತಂದ ಮುಸುಕಿನ ಜೋಳ, ಕಾಳಿನ್ನೂ ಹಾಲುಗಾಳು. ಕತ್ತರಿಸಿ, ತುಳಿದು, ಟಾರ್ಪಾಲ್ ಮುಚ್ಚಿದ ಮೂರನೇ ದಿನಕ್ಕೇ ಅಡಿಯಿಂದ ಕಂದು ನೀರು ಹರಿಯತೊಡಗಿತು. 45 ದಿನ ಬಿಟ್ಟು ತೆಗೆದರೆ ಕೆಟ್ಟ ಬೆಣ್ಣೆಯ ನಾತ. ಹಸುಗಳು ಮೂಸಿ ಮುಖ ತಿರುಗಿಸಿದವು. ಸೈಲೇಜ್‌ಗೆ 65ರಿಂದ 70 ಪರ್ಸೆಂಟ್ ತೇವ ಇರಬೇಕು. ಹೆಚ್ಚಾದರೆ ರಸ ಸೋರುತ್ತದೆ, ಆ ನಾತದ ಬ್ಯುಟಿರಿಕ್ ಆಮ್ಲ ಏಳುತ್ತದೆ. ತೀರಾ ಒಣಗಿದ್ದರೆ ಎಷ್ಟು ತುಳಿದರೂ ಗಾಳಿ ಹೋಗದೆ ಬೂಷ್ಟು ಹಿಡಿಯುತ್ತದೆ. ದುಡ್ಡಿನ ಲೆಕ್ಕ ಬೇರೆ: 10 ಟನ್ ಮೇವಿನಲ್ಲಿ 65 ಪರ್ಸೆಂಟ್ ತೇವ ಇದ್ದರೆ 3,500 ಕೆಜಿ ಒಣ ಪದಾರ್ಥ, 72 ಇದ್ದರೆ 2,800. ಉಳಿದ 700 ಕೆಜಿಗೆ ನೀರು ಕೊಂಡ ಹಾಗಾಯಿತು.

ಹ್ಯಾಲೊಜೆನ್ ಮೆಷಿನ್ ನೋಡೋಕೆ ಚಂದ. ಒಳಗೆ ಪುಟ್ಟ ತಕ್ಕಡಿ, ಮುಚ್ಚಳದಲ್ಲಿ ದೀಪ. ತಟ್ಟೆಗೆ ಮೇವು ಹಾಕಿ ಮುಚ್ಚಿದರೆ ಅದೇ ಒಣಗಿಸುತ್ತದೆ, ಅದೇ ತೂಗುತ್ತದೆ, ತೂಕ ಇಳಿಯೋದು ನಿಂತಾಗ ಅದೇ ಟಿಂಗ್ ಅನ್ನುತ್ತದೆ. ಮೊದಲ ಸಲ 61.37 ಅಂತ ತೋರಿಸಿದಾಗ ಖುಷಿಯಾಯಿತು. ಅದೇ ಗುಡ್ಡೆಯಿಂದ ಎರಡನೇ ಹಿಡಿ ಹಾಕಿದೆ: 74.12. ಮೂರನೇದು 68.40.

ಮೆಷಿನ್ ಕೆಟ್ಟಿರಲಿಲ್ಲ. ತಟ್ಟೆ ಅಂಗೈಯಗಲ, ಹಿಡಿಸೋದು 5 ಗ್ರಾಂ, ಹೆಚ್ಚೆಂದರೆ 10. ನಮ್ಮ ಚಾಫ್ ಕಟರ್‌ನಿಂದ ಬೀಳುವ ಒಂದು ದಂಟಿನ ಬಿಲ್ಲೆಯೇ 5 ಗ್ರಾಂ ತೂಗುತ್ತದೆ! ತಟ್ಟೆಗೆ ಬಿಲ್ಲೆ ಬಿದ್ದರೆ ನೀರೇ ನೀರು, ಒಣ ಎಲೆ ಬಿದ್ದರೆ ಬೇಸಿಗೆ, ತೆನೆ ಚೂರು ಬಿದ್ದರೆ ಇನ್ನೊಂದು ಲೆಕ್ಕ. ಗುಡ್ಡೆಯ ತೇವ ಕೇಳಿದರೆ ಅದು ಒಂದು ಚೂರಿನ ತೇವ ಹೇಳುತ್ತಿತ್ತು, ಅದೂ ಎರಡು ದಶಮಾಂಶ ಸ್ಥಾನದವರೆಗೆ.

ಇನ್ನೂ ಒಂದು ಮೋಸ ಆಮೇಲೆ ಗೊತ್ತಾಯಿತು. ಟಿಂಗ್ ಅಂದ ಮೇಲೆ ಬಿಲ್ಲೆಯನ್ನು ಉಗುರಿನಿಂದ ಸೀಳಿದೆ. ಸಿಪ್ಪೆ ಗರಿಗರಿ, ಒಳಗಿನ ಬೆಂಡು ಇನ್ನೂ ಒದ್ದೆ. ಒಳಗಿನ ನೀರು ನಿಧಾನಕ್ಕೆ ಬರುತ್ತದೆ, ತೂಕ ಇಳಿಯೋದು ಕಡಿಮೆಯಾಗುತ್ತದೆ, ಮೆಷಿನ್ ಮುಗಿಯಿತು ಅಂದುಕೊಳ್ಳುತ್ತದೆ. ಮಾರಿದವರಿಗೆ ಫೋನ್ ಮಾಡಿದರೆ, 'ಪುಡಿ ಮಾಡಿ ಹಾಕಿ ಸಾರ್' ಅಂದರು. ಹಸಿ ಜೋಳದ ದಂಟನ್ನು ಮಿಕ್ಸಿಗೆ ಹಾಕಿ ನೋಡಿದವರಿಗೆ ಗೊತ್ತು: ನಾರು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ, ಅಳೆಯಬೇಕಾದ ರಸವೆಲ್ಲ ಜಾರಿನ ಗೋಡೆಗೆ. ಮನೆಯಲ್ಲಿ ಆ ಜಾರಿನ ವಿಷಯ ಈಗಲೂ ಎತ್ತುವ ಹಾಗಿಲ್ಲ. ಕತ್ತರಿಯಲ್ಲಿ ಸಣ್ಣಗೆ ಹೆಚ್ಚಿ, ಐದು ಸಲ ಹಾಕಿ ಸರಾಸರಿ ತೆಗೆದರೆ ಉತ್ತರವೇನೋ ಸರಿ ಬರುತ್ತದೆ. ಆದರೆ ಒಂದೊಂದಕ್ಕೂ 20 ನಿಮಿಷ, ಅಷ್ಟು ಹೊತ್ತೂ ಟ್ರಾಕ್ಟರ್ ಗೇಟಿನಲ್ಲಿ. ಪಕ್ಕದಲ್ಲಿ ಕಟರ್ ಓಡುತ್ತಿದ್ದರೆ ತಕ್ಕಡಿ ನಿಲ್ಲೋದೂ ಇಲ್ಲ.

ಎನ್‌ಐಆರ್ (ನಿಯರ್ ಇನ್‌ಫ್ರಾರೆಡ್) ಗನ್ನನ್ನು ಡೆಮೊಗೆ ಅಂತ ಎರಡು ದಿನ ಕೊಟ್ಟಿದ್ದರು. ಮೇವಿನ ಮೇಲೆ ಕಣ್ಣಿಗೆ ಕಾಣದ ಬೆಳಕು ಬಿಟ್ಟು, ನೀರು ಎಷ್ಟು ಹೀರಿತು ಅನ್ನೋದರ ಮೇಲೆ ಲೆಕ್ಕ ಹಾಕುತ್ತದೆ. ಅರ್ಧ ನಿಮಿಷದ ಕೆಲಸ, ಪ್ರೋಟೀನ್, ಪಿಷ್ಟ ಕೂಡ ಹೇಳುತ್ತದೆ. ಹತ್ತು ಕಡೆ ಒತ್ತಿ ಸರಾಸರಿ ತೆಗೆಯಬಹುದು, ಹಾಗಾಗಿ ಬಿಲ್ಲೆಯ ತಕರಾರಿಲ್ಲ. ಆದರೆ ಅದಕ್ಕೆ ಕಲಿಸಿದ ಬೆಳೆ ಮಾತ್ರ ಅದಕ್ಕೆ ಗೊತ್ತು. ತೆನೆ ತುಂಬಿದ ಜೋಳಕ್ಕೆ ಓವನ್ ಲೆಕ್ಕದ ಹತ್ತಿರವೇ ಬಂತು, ನಮ್ಮ ಮೇವಿನ ಜೋಳದ ತಳಿ ಆಫ್ರಿಕನ್ ಟಾಲ್‌ಗೆ 5 ಪಾಯಿಂಟ್ ತಪ್ಪು. ಬೆಳಗಿನ ಇಬ್ಬನಿ ಮೇಲಿದ್ದರೂ ಮೋಸ ಹೋಗುತ್ತದೆ. ಬೆಲೆ ಲಕ್ಷಗಳಲ್ಲಿ. ದಿನಾ ಹತ್ತಾರು ಲೋಡ್ ಕೊಳ್ಳುವ ಸೈಲೇಜನ್ನು ಬೇಲ್ (ಬಿಗಿದ ಪಿಂಡಿ) ಕಟ್ಟುವ ಘಟಕದವರಿಗೆ ಸರಿ, 12 ಹಸುವಿನವನಿಗೆ ಅಲ್ಲ.

ಹುಲ್ಲಿಗೆ ಚುಚ್ಚುವ ಎರಡು ಮೊಳೆಯ ಮೀಟರ್ ಒಣಹುಲ್ಲಿಗಷ್ಟೇ.

ಇನ್ನು ಓವನ್. ಗುಡ್ಡೆಯ ಐದಾರು ಕಡೆಯಿಂದ ಒಂದೊಂದು ಬೊಗಸೆ ತೆಗೆದು ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಇಟ್ಟುಕೊಂಡು ಮತ್ತೆ ಕಲಸಿ, ಸರಿಯಾಗಿ 100 ಗ್ರಾಂ ತಟ್ಟೆಗೆ. ಬಿಲ್ಲೆ, ಎಲೆ, ತೆನೆ ಎಲ್ಲ ಅದರಲ್ಲಿ ಬಂದೇ ಬರುತ್ತವೆ. ಮೂಲೆಯಲ್ಲಿ ಅರ್ಧ ಲೋಟ ನೀರು ಮರೆಯಬೇಡಿ, ನಾನು ಮರೆತ ದಿನ ಕೊಟ್ಟಿಗೆ ತುಂಬ ಹೊಗೆ. ಮೊದಲು 4 ನಿಮಿಷ, ಕೆದಕಿ ತೂಗಿ, ಆಮೇಲೆ 2, ಆಮೇಲೆ ಒಂದೊಂದೇ ನಿಮಿಷ. ಎರಡು ಸಲ ತೂಕ ಒಂದೇ ಬಂದರೆ ಮುಗಿಯಿತು. 31 ಗ್ರಾಂ ಉಳಿದರೆ ತೇವ 69, ಕ್ಯಾಲ್ಕುಲೇಟರ್ ಬೇಡ. ಕಪ್ಪಾದರೆ ಮಾತ್ರ ಮೊದಲಿಂದ. ಪಕ್ಕದಲ್ಲೇ ನಿಂತಿರಬೇಕು, ನನಗೆ ಅದು ಕಷ್ಟವಲ್ಲ, ಹೇಗೂ ಲೋಡ್ ಇಳಿಯೋವರೆಗೆ ಅಲ್ಲೇ ಇರುತ್ತೇನೆ. ಹುಳಿ ಬಂದ ಸೈಲೇಜ್ ಅಳೆದರೆ ಆಮ್ಲವೂ ಆವಿಯಾಗಿ ತೇವ ತುಸು ಹೆಚ್ಚೇ ತೋರಿಸುತ್ತದೆ, ಅಷ್ಟು ಕಳೆದುಕೊಂಡು ಓದಬೇಕು.

ಹ್ಯಾಲೊಜೆನ್ ಮೆಷಿನ್ ಮಾರಿಲ್ಲ. ಹಿಂಡಿ, ನುಚ್ಚು ಜೋಳದ ತೇವ ನೋಡೋಕೆ ಅದರಷ್ಟು ನಂಬಿಕೆಯದು ಇನ್ನೊಂದಿಲ್ಲ, ಪುಡಿಗೆ 5 ಗ್ರಾಂ ಸಾಕು.

ಈ ಸಲ ಮೊದಲ ಲೋಡ್ ಬಂದಾಗ ಓವನ್‌ನಲ್ಲಿ 27 ಗ್ರಾಂ ಉಳಿಯಿತು. ಜೋಳ ತಂದವನು ತಟ್ಟೆ ಕೈಗೆ ತೆಗೆದುಕೊಂಡು ಬೆರಳಲ್ಲಿ ಕೆದಕಿ, 'ಇನ್ನೊಂದು ಸಲ ಇಡಿ' ಅಂದ. ಅವನ ಕೈಯಲ್ಲೇ ಮೇವು ತೆಗೆಸಿ ಇಟ್ಟೆ. 28. ಉಳಿದ ಹೊಲವನ್ನು ಹತ್ತು ದಿನ ಬಿಟ್ಟು ಕೊಯ್ಯುವುದು ಅಂತಾಯಿತು.