ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸುವ ಮೊದಲು ಎರಡನೆಯ ಕೋಡನ್ನೂ ಓದಿ

ನನ್ನದು 2013ರ ಪೆಟ್ರೋಲ್ ಕಾರು. 1,10,000 ಕಿಲೋಮೀಟರಿಗಿಂತ ತುಸು ಹೆಚ್ಚು ಓಡಿದೆ. ಕಳೆದ ಮಳೆಗಾಲದಲ್ಲಿ ಚೆಕ್ ಇಂಜಿನ್ ದೀಪ ಹತ್ತಿಕೊಂಡಾಗ, ಫೋನಿಗೆ ಜೋಡಿಸುವ ಚಿಕ್ಕ ಸ್ಕ್ಯಾನರನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ನೋಡಿದೆ. ಪಿ0420 ಮತ್ತು ಪಿ0302 ಎಂಬ ಎರಡು ಕೋಡುಗಳಿದ್ದವು. ಇಂಜಿನ್ನಿನ ಹೊಗೆಯಲ್ಲಿರುವ ವಿಷಾನಿಲಗಳನ್ನು ಕಡಿಮೆ ಮಾಡುವ ಕನ್ವರ್ಟರಿನ ಕೆಲಸ ನಿಗದಿತ ಮಟ್ಟಕ್ಕಿಂತ ಕುಸಿದಿದೆ ಎಂದು ಮೊದಲನೆಯದು ಹೇಳಿದರೆ, ಎರಡನೆಯ ಸಿಲಿಂಡರ್ ಮಿಸ್‌ಫೈರ್ ಆಗುತ್ತಿದೆ, ಅಂದರೆ ಅಲ್ಲಿ ಪೆಟ್ರೋಲು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂದು ಇನ್ನೊಂದು ಹೇಳುತ್ತದೆ. ಬೆಳಗಿನ ಚಳಿಯಲ್ಲಿ ಇಂಜಿನ್ ಒಂದೆರಡು ನಿಮಿಷ ನಡುಗುವುದು ನನಗೆ ರೂಢಿಯಾಗಿಹೋಗಿದ್ದರಿಂದ ಅದನ್ನು ಮಳೆಯ ತೇವದ ಲೆಕ್ಕಕ್ಕೆ ಹಾಕಿ, ಎರಡೂ ಕೋಡುಗಳನ್ನು ಅಳಿಸಿಬಿಟ್ಟೆ. ಮೂರು ದಿನದ ನಂತರ ದೀಪ ಮತ್ತೆ ಹತ್ತಿದಾಗ ಪಿ0420 ಮಾತ್ರ ಕಂಡಿತು, ನಾನು ಕನ್ವರ್ಟರೇ ಹೋಗಿದೆ ಎಂದು ತೀರ್ಮಾನಿಸಿದೆ. ಕೋಡನ್ನು ಅಳಿಸುವಾಗ, ತೊಂದರೆ ಕಾಣಿಸಿಕೊಂಡ ಗಳಿಗೆಯಲ್ಲಿ ಇಂಜಿನ್ನಿನ ವೇಗ, ತಾಪ, ಒತ್ತಡ ಎಷ್ಟಿದ್ದವೆಂಬ ದಾಖಲೆಯೂ ಅಳಿಸಿಹೋಗುತ್ತದೆ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಕಂಪನಿಯ ಕನ್ವರ್ಟರಿಗೆ 36,000 ರೂಪಾಯಿ ಎಂದರು. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ 7,500ಕ್ಕೆ ಸಿಕ್ಕಿತು. ಅದರ ಮೇಲೆ ತಯಾರಕರ ಹೆಸರಾಗಲಿ ಪಾರ್ಟ್ ನಂಬರಾಗಲಿ ಇರಲಿಲ್ಲ. "ಕಂಪನಿ ಮಾಲಿನ ಥರಾನೇ ಸಾರ್, ಹಳೇದು ತಂದುಕೊಟ್ರೆ ಐನೂರು ಕಮ್ಮಿ ಮಾಡ್ತೀನಿ" ಎಂದರು. ಕನ್ವರ್ಟರಿನೊಳಗಿನ ಜೇನುಗೂಡಿನಂಥ ಪಿಂಗಾಣಿಯ ಮೇಲೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪವಿರುತ್ತದೆ. ಬೆಲೆಯೆಲ್ಲ ಇರುವುದು ಆ ಲೇಪದಲ್ಲಿ. ಹೊರಗಿನ ತಗಡು ಎಷ್ಟು ಹೊಳೆದರೂ ಒಳಗೆ ಎಷ್ಟು ಲೇಪವಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ಬದಲಿಸುವ ಕೆಲಸವನ್ನು ನಾಗರಭಾವಿಯ ನಮ್ಮ ಮನೆಯ ಮುಂದೆಯೇ ಮಾಡಿದೆ. ಕನ್ವರ್ಟರ್ ಕೆಲಸ ಮಾಡುವಾಗ ನಾನೂರು ಡಿಗ್ರಿಗೂ ಮೇಲೆ ಕಾಯುವುದರಿಂದ ಗಾಡಿಯನ್ನು ರಾತ್ರಿಯಿಡೀ ಆರಲು ಬಿಟ್ಟು, ತುಕ್ಕು ಹಿಡಿದ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಮರುದಿನ ಬೆಳಗ್ಗೆ ಸಮತಟ್ಟಾದ ಕಾಂಕ್ರೀಟಿನ ಮೇಲೆ ಗಾಡಿಯನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು. ನಾಲ್ಕು ನಟ್ಟುಗಳು ಬಿಚ್ಚಿಕೊಂಡವು. ಐದನೆಯದರ ಸ್ಟಡ್ ಮೆತ್ತಗೆ ತಿರುಗಲಾರಂಭಿಸಿದಾಗ ಸಡಿಲವಾಯಿತೆಂದು ಹಿಗ್ಗಿದೆ, ಅಷ್ಟರಲ್ಲೇ ಅದು ಬುಡದಿಂದ ಕತ್ತರಿಸಿ ಕೈಗೆ ಬಂತು. ಉಳಿದ ತುಂಡನ್ನು ಕೊರೆದು ತೆಗೆಸಲು ಕಾಮಾಕ್ಷಿಪಾಳ್ಯದ ಲೇಥ್ ಅಂಗಡಿಗೆ ಪೈಪನ್ನು ಬಿಚ್ಚಿಕೊಂಡು ಹೋಗಬೇಕಾಯಿತು. ಹಳೆಯ ಕನ್ವರ್ಟರನ್ನು ಬೆಳಕಿಗೆ ಹಿಡಿದು ನೋಡಿದಾಗ ಜೇನುಗೂಡು ಎಲ್ಲೂ ಒಡೆದಿರಲಿಲ್ಲ, ಅಲ್ಲಾಡಿಸಿದರೆ ಸದ್ದಿರಲಿಲ್ಲ. ಅಲ್ಲಿಗಾದರೂ ನಾನು ಅನುಮಾನಿಸಬೇಕಿತ್ತು.

ಹೊಸದು ಏಳು ವಾರ ಬಾಳಿತು. ಒಂದು ಸಂಜೆ ನಾಯಂಡಹಳ್ಳಿಯ ಮೇಲ್ಸೇತುವೆ ಏರುವಾಗ ಪಿಕಪ್ ಇದ್ದಕ್ಕಿದ್ದಂತೆ ಕುಸಿಯಿತು, ಚೆಕ್ ಇಂಜಿನ್ ದೀಪ ಮಿಟುಕತೊಡಗಿತು, ಕೊಳೆತ ಮೊಟ್ಟೆಯ ವಾಸನೆ ಗಾಡಿಯೊಳಕ್ಕೂ ಬಂತು. ದೀಪ ನಿಂತು ಉರಿಯುವುದಕ್ಕೂ ಮಿಟುಕುವುದಕ್ಕೂ ಬಹಳ ವ್ಯತ್ಯಾಸವಿದೆ: ಮಿಟುಕುತ್ತಿದ್ದರೆ ಕನ್ವರ್ಟರನ್ನು ಹಾಳುಮಾಡುವಷ್ಟು ತೀವ್ರವಾದ ಮಿಸ್‌ಫೈರ್ ಆ ಕ್ಷಣದಲ್ಲೇ ನಡೆಯುತ್ತಿದೆ ಎಂದರ್ಥ. ಸಿಲಿಂಡರಿನಲ್ಲಿ ಸುಡದೆ ಉಳಿದ ಪೆಟ್ರೋಲು ಕನ್ವರ್ಟರಿನೊಳಗೆ ಹೋಗಿ ಉರಿಯುತ್ತದೆ, ಪಿಂಗಾಣಿ ಕರಗಿ ಹೊಗೆಯ ದಾರಿಯನ್ನೇ ಮುಚ್ಚುತ್ತದೆ. ಪಕ್ಕಕ್ಕೆ ನಿಲ್ಲಿಸಿ ಬಗ್ಗಿ ನೋಡಿದರೆ ಕತ್ತಲಲ್ಲಿ ಅದು ಮಂಕಾಗಿ ಕೆಂಪಗೆ ಹೊಳೆಯುತ್ತಿತ್ತು. ಒಣಹುಲ್ಲಿನ ಮೇಲೆ ನಿಲ್ಲಿಸಿದ್ದರೆ ಏನಾಗುತ್ತಿತ್ತೋ.

ಮರುದಿನ ಗಾಡಿಯನ್ನು ಎಳೆಸಿಕೊಂಡು ಹೋದ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಅಣ್ಣನವರು ಕನ್ವರ್ಟರಿನ ಮುಂದಿರುವ, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರನ್ನು ಬಿಚ್ಚಿ, ಅದರ ತೂತಿಗೆ ಗೇಜ್ ಹಾಕಿ ಇಂಜಿನ್ನನ್ನು 2,500 ಆರ್‌ಪಿಎಂಗೆ ಏರಿಸಿದರು. ದಾರಿ ಸರಿಯಾಗಿದ್ದರೆ ಅಲ್ಲಿ ಒತ್ತಡ 3 ಪಿಎಸ್‌ಐ ಮೀರಬಾರದು. ನಮ್ಮದು 8 ತೋರಿಸಿತು. ಆಮೇಲೆ ಅವರು ಎರಡನೆಯ ಸಿಲಿಂಡರಿನಲ್ಲಿ ಕಿಡಿ ಹೊಮ್ಮಿಸಲು ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲನ್ನು ಮೂರನೆಯದರ ಜಾಗಕ್ಕೆ ಬದಲಾಯಿಸಿ ಗಾಡಿ ಓಡಿಸಿದಾಗ ಕೋಡು ಪಿ0303 ಆಯಿತು, ಅಂದರೆ ಮಿಸ್‌ಫೈರ್ ಕಾಯಿಲಿನ ಜೊತೆಗೇ ಮೂರನೆಯ ಸಿಲಿಂಡರಿಗೆ ಹೋಯಿತು. ತಪ್ಪು ಕಾಯಿಲಿನದೆಂದು ಅಲ್ಲಿಗೆ ಖಚಿತವಾಯಿತು. 2,400 ರೂಪಾಯಿಯ ಕಾಯಿಲು. ಈ ಅದಲುಬದಲಿಗೆ ಬೇಕಾದದ್ದು ಒಂದು ಹತ್ತರ ಪಾನಾ, ಹತ್ತು ನಿಮಿಷ. ಅದನ್ನು ನಾನು ಮನೆಯಲ್ಲೇ ಮೊದಲ ದಿನವೇ ಮಾಡಬಹುದಿತ್ತು.

ಪಿ0420 ಕಂಡವರು ದುಡ್ಡು ತೆಗೆಯುವ ಮೊದಲು ಸ್ಕ್ಯಾನರಿನಲ್ಲೇ ಕನ್ವರ್ಟರಿನ ಮುಂದೊಂದು, ಹಿಂದೊಂದು ಇರುವ ಎರಡು ಆಕ್ಸಿಜನ್ ಸೆನ್ಸರುಗಳ ರೇಖೆಗಳನ್ನು ಒಟ್ಟಿಗೆ ನೋಡಬೇಕು. ಇಂಜಿನ್ ಚೆನ್ನಾಗಿ ಕಾದ ಮೇಲೆ, ನನ್ನದರಂಥ ಹಳೆಯ ಗಾಡಿಗಳಲ್ಲಿ ಮುಂದಿನ ಸೆನ್ಸರು 0.1 ಮತ್ತು 0.9 ವೋಲ್ಟಿನ ನಡುವೆ ಪದೇಪದೇ ಜಿಗಿಯುತ್ತದೆ, ಹಿಂದಿನದು 0.6 ಅಥವಾ 0.7ರ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿರಬೇಕು. ಹಿಂದಿನದೂ ಮುಂದಿನದರಂತೆಯೇ ಕುಣಿಯುತ್ತಿದ್ದರೆ ಕನ್ವರ್ಟರಿನ ಮೇಲೆ ಸಂಶಯಪಡಬಹುದು, ಆದರೆ ಆಗಲೂ ಗ್ಯಾಸ್ಕೆಟ್ಟಿನ ಬಳಿ ಹೊಗೆ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು, ಏಕೆಂದರೆ ಸೋರುವ ಜಾಗದಿಂದ ಒಳನುಗ್ಗುವ ಗಾಳಿ ಸೆನ್ಸರಿಗೆ ಸುಳ್ಳು ಹೇಳಿಸುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿ ಹಿಡಿದಿದ್ದರೆ ಅದು ಸೋರಿಕೆಯ ಗುರುತು. ಇಂಜಿನ್ ಆಯಿಲ್ ಕುಡಿಯುವ ಗಾಡಿಗಳಲ್ಲಂತೂ ಆಯಿಲಿನ ರಂಜಕ ಲೇಪವನ್ನು ಮುಚ್ಚಿಬಿಡುವುದರಿಂದ, ಆ ರೋಗವನ್ನು ಬಿಟ್ಟು ಕನ್ವರ್ಟರ್ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಬೇರೊಬ್ಬ ಮೆಕ್ಯಾನಿಕ್ ಒಳಗಿನ ಪಿಂಗಾಣಿಯನ್ನು ಒಡೆದು ಖಾಲಿ ಡಬ್ಬಿಯನ್ನೇ ಕೂರಿಸಿಕೊಡುವುದಾಗಿ ಹೇಳಿದ್ದರು; ಬೇಡವೆಂದೆ. ಎಮಿಷನ್ ಟೆಸ್ಟಿನಲ್ಲಿ ಗಾಡಿ ಫೇಲಾಗುತ್ತದೆ. ಮಾಲಿನ್ಯದ ಮಿತಿ ಮೀರಿದ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯಂತೆ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು.

ಕೊನೆಗೆ ಕಾಯಿಲು, ಕಂಪನಿಯ ಕನ್ವರ್ಟರು, ಕೂಲಿ, ಎಳೆದೊಯ್ದ ಬಾಡಿಗೆ ಎಲ್ಲ ಸೇರಿ, ಹಳೆಯದನ್ನು ಕೊಟ್ಟು ಮೊದಲು ತೆತ್ತಿದ್ದ 7,000ವೂ ಕೂಡಿ 50,000ದ ಹತ್ತಿರ ಹೋಯಿತು. ಜೆ.ಸಿ. ರಸ್ತೆಯ ಅಂಗಡಿಗೆ ಕರಗಿದ ಮಾಲನ್ನು ಒಯ್ದಾಗ ಅವರು ಒಳಗೆ ಇಣುಕಿ, "ಇದು ಇಂಜಿನ್ ತಪ್ಪು ಸಾರ್, ಮಾಲಿನ ತಪ್ಪಲ್ಲ" ಎಂದರು. ಆ ಮಾತು ಸರಿಯೇ ಇತ್ತು. ಹಾಗಾದರೆ ನನ್ನ ಹಳೆಯದನ್ನಾದರೂ ವಾಪಸ್ಸು ಕೊಡಿ, ಅದು ನಿಜಕ್ಕೂ ಕೆಟ್ಟಿತ್ತೇ ಎಂದು ಪರೀಕ್ಷಿಸಿ ನೋಡುತ್ತೇನೆ ಎಂದು ಕೇಳಿದೆ. ಅದು ಅದೇ ವಾರ ಗುಜರಿಗೆ ಹೋಯಿತು ಎಂದರು.