ಹದಿನಾಲ್ಕು ವರ್ಷ ಮೊದಲೇ ನಡೆದಿದ್ದರೆ? ಟೈಸನ್, ಲೂಯಿಸ್ ಮತ್ತು ‘ಫೈಟ್ ನೈಟ್ ಚಾಂಪಿಯನ್’

2002ರ ಜೂನ್ 8ರ ರಾತ್ರಿ ಅಮೆರಿಕದ ಮೆಂಫಿಸ್‌ನಲ್ಲಿ ನಡೆದ ಬಾಕ್ಸಿಂಗ್ ಪಂದ್ಯದಲ್ಲಿ ಲೆನಾಕ್ಸ್ ಲೂಯಿಸ್ ಎಂಟನೇ ಸುತ್ತಿನಲ್ಲಿ ಮೈಕ್ ಟೈಸನ್‌ನನ್ನು ಕೆಡವಿದ. ನಮ್ಮಲ್ಲಿ ಆಗ ಭಾನುವಾರ ಬೆಳಗ್ಗೆ. ನಾನು ದಾವಣಗೆರೆಯಲ್ಲಿ ಹಾಸ್ಟೆಲ್ ಹುಡುಗ. ಮಧ್ಯಾಹ್ನ ಸೈಬರ್ ಕೆಫೆಗೆ ಹೋಗಿ ಫಲಿತಾಂಶ ನೋಡಿದೆ. ನೆಟ್ ನಿಧಾನ. ಫೋಟೋ ಮೇಲಿಂದ ಕೆಳಗೆ ಸಾಲು ಸಾಲಾಗಿ ಬಿಚ್ಚಿಕೊಳ್ಳುತ್ತಿತ್ತು. ಮೊದಲು ಹಗ್ಗ, ಆಮೇಲೆ ರೆಫರಿಯ ತೋಳು, ಕೊನೆಗೆ ಅಂಗಾತ ಬಿದ್ದ ಟೈಸನ್. ಕಣ್ಣಿನ ಸುತ್ತ ರಕ್ತ. ನನ್ನ ಮಂಚದ ಮೇಲಿನ ಗೋಡೆಯಲ್ಲಿ ಅವನದೇ ಪೋಸ್ಟರ್ ಇತ್ತು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ರೂಮ್‌ಮೇಟ್ ಉಡುಪಿಯವನು. ಅವನ ಹತ್ತಿರ ಅಂದು ಶುರುವಾದ ಜಗಳ ಫೋನಿನಲ್ಲಿ ಇಂದಿಗೂ ನಡೆದಿದೆ. “88ರ ಟೈಸನ್ ಆಗಿದ್ದಿದ್ರೆ ನಿನ್ನ ಲೂಯಿಸ್ ಮೂರು ಸುತ್ತು ನಿಲ್ತಿರಲಿಲ್ಲ ಕಣೋ” ಎನ್ನುವುದು ನನ್ನ ವಾದ. ಟೈಸನ್ ತನ್ನ ಪೂರ್ತಿ ಕಸುವಿನಲ್ಲಿದ್ದ ವರ್ಷ 1988. “ಕೈಯ ಉದ್ದ ನೋಡು ಮಾರಾಯ, ಮುಟ್ಟಲಿಕ್ಕೆ ಆಗ್ಬೇಕಲ್ಲ” ಎನ್ನುವುದು ಅವನದು.

ಈಗ ನಾನಿರುವುದು ಕೆನಡಾದ ಕಿಚನರ್‌ನಲ್ಲಿ. ಲೂಯಿಸ್ ಹುಟ್ಟಿದ್ದು ಲಂಡನ್ನಿನಲ್ಲಾದರೂ ಹನ್ನೆರಡನೇ ವಯಸ್ಸಿನಿಂದ ಬೆಳೆದದ್ದು ಈ ಊರಿನಲ್ಲಿ. ಅವನು ಓದಿದ ಕ್ಯಾಮರಾನ್ ಹೈಟ್ಸ್ ಶಾಲೆಯ ಮುಂದೆ ಎಷ್ಟೋ ಸಲ ಹೋಗಿದ್ದೇನೆ. ಹೋದಾಗೆಲ್ಲ ಹಳೇ ಜಗಳ ನೆನಪಾಗುತ್ತದೆ. ಅದಕ್ಕೇ ಕಳೆದ ಚಳಿಗಾಲದಲ್ಲಿ ‘ಫೈಟ್ ನೈಟ್ ಚಾಂಪಿಯನ್’ ಕೊಂಡೆ. 2011ರ ಬಾಕ್ಸಿಂಗ್ ವಿಡಿಯೋ ಗೇಮ್, ಹಳೆಯದು. ಆದರೆ ಟೈಸನ್, ಲೂಯಿಸ್ ಇಬ್ಬರೂ ಇದ್ದಾರೆ. ನನಗೆ ಬೇಕಾಗಿದ್ದುದು ಅಷ್ಟೇ.

ಕೊಳ್ಳುವವರಿಗೆ ಒಂದು ಮಾತು. ನಾನು ಹಳೇ ಗೇಮ್ ಮಾರುವ ಅಂಗಡಿಯೊಂದರಿಂದ ಎಕ್ಸ್‌ಬಾಕ್ಸ್ 360 ಎಂಬ ಹಳೇ ಗೇಮ್ ಯಂತ್ರದ ಡಿಸ್ಕ್ ತಂದೆ. ಮೊದಲು ಕೊಟ್ಟ ಡಿಸ್ಕ್‌ನಲ್ಲಿ ಗೀರು ಬಿದ್ದಿತ್ತು, ಬದಲಾಯಿಸಿಕೊಂಡು ಬರಬೇಕಾಯಿತು. ಮನೆಯಲ್ಲಿರುವುದು ಅದಕ್ಕಿಂತ ಹೊಸ ಎಕ್ಸ್‌ಬಾಕ್ಸ್, ಸೀರೀಸ್ ಎಕ್ಸ್. ಅದಕ್ಕೆ ಡಿಸ್ಕ್ ಹಾಕಿದರೆ ಗೇಮ್ ನೆಟ್‌ನಿಂದ ಡೌನ್‌ಲೋಡ್ ಆಗುತ್ತದೆ. ಆಡುವಾಗೆಲ್ಲ ಡಿಸ್ಕ್ ಒಳಗಿರಲೇಬೇಕು. ಡಿಸ್ಕ್ ಜಾಗವೇ ಇಲ್ಲದ ಸೀರೀಸ್ ಎಸ್ ಇದ್ದವರು ಡಿಸ್ಕ್ ಕೊಂಡು ಪ್ರಯೋಜನವಿಲ್ಲ.

ಆಟದ ಜೀವ ಇರುವುದು ಕಂಟ್ರೋಲರ್‌ನ ಬಲಗಡೆಯ ಸ್ಟಿಕ್‌ನಲ್ಲಿ. ಬಟನ್ ಒತ್ತಿಯೂ ಹೊಡೆಯಬಹುದು, ಆದರೆ ಸ್ಟಿಕ್‌ನಲ್ಲೇ ಕಲಿಯಿರಿ ಎನ್ನುತ್ತೇನೆ. ಒಂದು ಕಡೆ ತಳ್ಳಿದರೆ ಜ್ಯಾಬ್ (ಮುಂಗೈಯ ನೇರ ಹೊಡೆತ), ಇನ್ನೊಂದು ಕಡೆ ಹುಕ್ (ಪಕ್ಕದಿಂದ ಬಾಗಿ ಬರುವ ಹೊಡೆತ), ಮತ್ತೊಂದು ಕಡೆ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ). ಸುಮ್ನೆ ಗಿರಗಿರ ತಿರುಗಿಸಿದರೆ ಎರಡು ಸುತ್ತಿನಲ್ಲೇ ನಿಮ್ಮ ಆಟಗಾರನಿಗೆ ಏದುಸಿರು. ಕೈ ಸೋತ ಮೇಲೆ ಹೊಡೆತಕ್ಕೆ ತೂಕ ಇರುವುದಿಲ್ಲ. ನಿಜವಾದ ರಿಂಗ್‌ನಲ್ಲಿ ಆಗುವುದೂ ಅದೇ ಅಲ್ವಾ?

ನನ್ನ ಮಗನಿಗೆ ಹದಿನೈದು ವರ್ಷ. ಅವನಿಗೆ ಲೂಯಿಸ್, ನನಗೆ ಟೈಸನ್. ಮೊದಲ ದಿನ ಏನಾಯಿತು ಹೇಳುತ್ತೇನೆ. ಗಂಟೆ ಹೊಡೆದ ಕೂಡಲೇ ನಾನು ನುಗ್ಗಿದೆ. ಲೂಯಿಸ್‌ನ ಎಡಗೈ ಬಂತು, ಟೈಸನ್‌ನ ತಲೆ ಹಿಂದಕ್ಕೆ ಹೋಯಿತು. ಮತ್ತೆ ನುಗ್ಗಿದೆ, ಮತ್ತೆ ಅದೇ ಎಡಗೈ. ಲೂಯಿಸ್‌ನ ಕೈಗಳ ಚಾಚು 84 ಇಂಚು, ಟೈಸನ್‌ದು 71. ಈ ಹದಿಮೂರು ಇಂಚನ್ನು ನಾನು ಎಷ್ಟೋ ವರ್ಷದಿಂದ ಓದಿಕೊಂಡೇ ಬಂದಿದ್ದೆ. ಅದು ಏನೆಂದು ಹೆಬ್ಬೆರಳಿಗೆ ಗೊತ್ತಾದದ್ದು ಆವತ್ತು. ನಾಲ್ಕನೇ ಸುತ್ತಿಗೆ ಟೈಸನ್‌ನ ಎಡಗಣ್ಣಿನ ಕೆಳಗೆ ಊತ. ಆರನೇ ಸುತ್ತಿಗೆ ಹುಬ್ಬು ಒಡೆದು ರಕ್ತ ಚಡ್ಡಿಯ ಮೇಲೆಲ್ಲ ಕಲೆಯಾಗಿತ್ತು. ನೋಡಲು ಕಷ್ಟವಾಯಿತು. ಸೈಬರ್ ಕೆಫೆಯ ಅದೇ ಫೋಟೋ ಮತ್ತೆ ಕಣ್ಣೆದುರು ಬಿಚ್ಚಿಕೊಳ್ಳುತ್ತಿದ್ದ ಹಾಗಿತ್ತು. ರಕ್ತ, ಬೈಗುಳ ಜಾಸ್ತಿ ಇರುವ ಗೇಮ್ ಇದು, ಚಿಕ್ಕ ಮಕ್ಕಳಿಗೆ ಕೊಡಬೇಡಿ.

ಒಂದು ವಾರ ಒಬ್ಬನೇ ಅಭ್ಯಾಸ ಮಾಡಿದೆ. ಟೈಸನ್‌ನನ್ನು ಆಡಿಸುವ ರೀತಿಯೇ ಬೇರೆ. ನೇರ ಹೋಗಬಾರದು. ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸುತ್ತಾ, ಜ್ಯಾಬ್ ಕಿವಿಯ ಪಕ್ಕ ಹಾದುಹೋದ ಗಳಿಗೆಯಲ್ಲಿ ಒಳಗೆ ಕಾಲಿಡಬೇಕು. ಮೊದಲು ಪಕ್ಕೆಗೆ ಒಂದು, ಅದೇ ಕೈಯಿಂದ ಗದ್ದಕ್ಕೆ ಇನ್ನೊಂದು. ಗುರು ಕಸ್ ಡಿ’ಅಮಾಟೊ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್‌ನ ಜಿಮ್‌ನಲ್ಲಿ ಟೈಸನ್‌ಗೆ ಕಲಿಸಿದ್ದು ಇದನ್ನೇ. ತಲೆ ಒಂದೇ ಜಾಗದಲ್ಲಿ ನಿಲ್ಲಬಾರದು, ಗ್ಲೌಸ್ ಕೆನ್ನೆ ಬಿಡಬಾರದು. ಎರಡನೇ ಶನಿವಾರ ಮೂರನೇ ಸುತ್ತಿನಲ್ಲಿ ಆ ಅಪ್ಪರ್‌ಕಟ್ ಕೂತಿತು. ಲೂಯಿಸ್ ಮರ ಉರುಳಿದ ಹಾಗೆ ಬಿದ್ದ. ನಾನು ಸೋಫಾದಿಂದ ಎದ್ದು ಕೂಗಿದ ಕೂಗಿಗೆ ಹೆಂಡತಿ ಮೇಲಿಂದ ಓಡಿ ಬಂದಳು.

ಕಾಮೆಂಟರಿ ಬಗ್ಗೆ ಹೇಳಲೇಬೇಕು. ಜೋ ಟೆಸ್ಸಿಟೋರ್ ಜೊತೆ ಟೆಡ್ಡಿ ಅಟ್ಲಾಸ್ ಮಾತನಾಡುತ್ತಾನೆ. ಹುಡುಗ ಟೈಸನ್‌ಗೆ ಅದೇ ಕ್ಯಾಟ್‌ಸ್ಕಿಲ್‌ನಲ್ಲಿ ತರಬೇತಿ ಕೊಟ್ಟವನು ಈ ಅಟ್ಲಾಸ್. ಇಬ್ಬರ ಸಂಬಂಧ ಕೆಟ್ಟು 1982ರಲ್ಲಿ ಅಲ್ಲಿಂದ ಹೊರಬಿದ್ದ. ಪರದೆಯಲ್ಲಿ ಟೈಸನ್ ತಲೆ ತಗ್ಗಿಸಿ ನುಗ್ಗುವಾಗ ಹಿಂದೆ ಅವನ ದನಿ ಕೇಳಿದರೆ ನನಗೆ ಮೈ ಜುಂ ಎನ್ನುತ್ತದೆ.

ಇನ್ನು ಗೇಮ್‌ನಲ್ಲಿ ನನಗೆ ಸಿಗದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಆಟಗಾರ ಇದ್ದಾನೆ, ವರ್ಷ ಇಲ್ಲ. ‘ಟೈಸನ್’ ಎಂದು ಆರಿಸಿಕೊಂಡರೆ ಬರುವವನು ಪೂರ್ತಿ ಕಸುವಿನ ಟೈಸನ್. ‘ಲೂಯಿಸ್’ ಎಂದರೆ ಹಾಗೆಯೇ ಪೂರ್ತಿ ಪಳಗಿದ ಲೂಯಿಸ್. ಆದರೆ ಈ ಇಬ್ಬರ ಕಥೆಯ ಸಂಕಟ ಇರುವುದೇ ವರ್ಷಗಳಲ್ಲಿ.

ಇಬ್ಬರಲ್ಲಿ ಹಿರಿಯ ಯಾರು ಗೊತ್ತಾ? ಲೂಯಿಸ್! 1965ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದವನು. ಟೈಸನ್ 1966ರ ಜೂನ್. ಹತ್ತೇ ತಿಂಗಳ ಅಂತರ. ಆದರೆ ಟೈಸನ್ ಇಪ್ಪತ್ತನೇ ವಯಸ್ಸಿಗೆ, 1986ರಲ್ಲೇ ವಿಶ್ವ ಚಾಂಪಿಯನ್. 1988ರ ಜೂನ್ 27ರಂದು ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದ. ಆಗ ಲೂಯಿಸ್ ಇನ್ನೂ ಅಮೆಚೂರ್. ಆ ಅಕ್ಟೋಬರ್‌ನಲ್ಲಿ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ರಿಡಿಕ್ ಬೋ ಎದುರು ಗೆದ್ದು ಕೆನಡಾಕ್ಕೆ ಚಿನ್ನ ತಂದ. ವೃತ್ತಿಪರ ರಿಂಗ್‌ಗೆ ಕಾಲಿಟ್ಟಿದ್ದು 1989ರಲ್ಲಿ. ಅಂದರೆ ನನ್ನ 88ರ ಪಂದ್ಯವನ್ನು ನಿಜವಾಗಿ ನಡೆಸಿದ್ದರೆ, ಒಂದೂ ವೃತ್ತಿಪರ ಪಂದ್ಯ ಆಡದ ಹುಡುಗನನ್ನು ಟೈಸನ್ ಮುಂದೆ ನಿಲ್ಲಿಸಿದಂತೆ. ಅದು ನ್ಯಾಯವಲ್ಲ. ಇಷ್ಟು ವರ್ಷ ನಾನು ಇದನ್ನು ಯೋಚಿಸಿಯೇ ಇರಲಿಲ್ಲ.

2002ರದ್ದೂ ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಟೈಸನ್ ಆಗ 234 ಪೌಂಡ್ ದಾಟಿದ್ದ, ಸ್ಪಿಂಕ್ಸ್ ಎದುರು 218 ಇದ್ದವನು. ತಲೆ ಆಡಿಸುವುದೇ ಮರೆತುಹೋಗಿತ್ತು. ಮೊದಲ ಸುತ್ತಿನಲ್ಲಿ ಮಾತ್ರ ಹಳೇ ಟೈಸನ್ ಕಂಡ.

ಹಾಗಾದರೆ ಸರಿಯಾದ ವರ್ಷ ಯಾವುದು? ನನ್ನ ಉತ್ತರ 1996. ಆ ವರ್ಷ ಮಾರ್ಚ್‌ನಲ್ಲಿ ಫ್ರಾಂಕ್ ಬ್ರೂನೋನನ್ನು ಸೋಲಿಸಿ ಟೈಸನ್ ಡಬ್ಲ್ಯುಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಪಟ್ಟ ಗೆದ್ದಿದ್ದ. ಅವನ ಮುಂದಿನ ಎದುರಾಳಿ ಆಗಬೇಕಿದ್ದವನೇ ಲೂಯಿಸ್. 1994ರಲ್ಲಿ ಆಲಿವರ್ ಮೆಕಾಲ್ ಎದುರು ಸೋತು, ಎಮ್ಯಾನುಯಲ್ ಸ್ಟೀವರ್ಡ್ ಕೈಕೆಳಗೆ ಹೊಸದಾಗಿ ಕಲಿಯುತ್ತಿದ್ದ ಲೂಯಿಸ್. ಆದರೆ ಟೈಸನ್ ಮೊದಲು ಬೇರೆಯವರ ಜೊತೆ ಆಡಲೆಂದು 40 ಲಕ್ಷ ಡಾಲರ್ ಪಡೆದು ಲೂಯಿಸ್ ಪಕ್ಕಕ್ಕೆ ಸರಿದ. ಟೈಸನ್ ನವೆಂಬರ್‌ನಲ್ಲಿ ಹೋಲಿಫೀಲ್ಡ್‌ಗೆ ಸೋತ. ಪಂದ್ಯ ಆರು ವರ್ಷ ಮುಂದಕ್ಕೆ ಹೋಯಿತು. ಇದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ವರ್ಷ ಆರಿಸುವ ಅವಕಾಶ ಇದ್ದಿದ್ದರೆ ಈ ಗೇಮ್ ನನ್ನ ಪಾಲಿಗೆ ಚಿನ್ನವಾಗುತ್ತಿತ್ತು. ಇನ್ನೊಂದು ಕೊರತೆ ಕಾರ್ನರ್‌ನದು, ಸುತ್ತುಗಳ ನಡುವೆ ಬಾಕ್ಸರ್ ಕೂರುವ ಮೂಲೆಯದು. 88ರ ಟೈಸನ್ ಎಂದರೆ ಬರೀ ತೋಳು, ಕತ್ತು ಅಲ್ಲ. ಸ್ಟೂಲ್ ಪಕ್ಕದಲ್ಲಿ ಅವನ ಕೋಚ್ ಕೆವಿನ್ ರೂನಿ ನಿಂತಿರುತ್ತಿದ್ದ. ಸ್ಪಿಂಕ್ಸ್ ಪಂದ್ಯ ಆದ ವರ್ಷವೇ ಟೈಸನ್ ಅವನನ್ನು ತೆಗೆದುಹಾಕಿದ. ಆಮೇಲಿನ ಟೈಸನ್ ಒಂದೊಂದೇ ಹೊಡೆತದಲ್ಲಿ ಮುಗಿಸಲು ನೋಡುವವನಾದ. ಗೇಮ್‌ನಲ್ಲಿ ರೂನಿಯ ಕೆಲಸವನ್ನು ನಾನೇ ಮಾಡಬೇಕು. ಮೂರನೇ ಸುತ್ತಿನ ಹೊತ್ತಿಗೆ ನನಗೂ ಅದೇ ಆತುರ ಹತ್ತಿಕೊಳ್ಳುತ್ತದೆ.

ಕಥೆ ಹೇಳುವ ‘ಚಾಂಪಿಯನ್ ಮೋಡ್’ ಕೂಡ ಇದೆ. ಆಂಡ್ರೆ ಬಿಷಪ್ ಎನ್ನುವ ಕಲ್ಪಿತ ಬಾಕ್ಸರ್, ಜೈಲು, ಮತ್ತೆ ರಿಂಗ್. ಮಗ ಆಡಿ ಮುಗಿಸಿದ, ಚೆನ್ನಾಗಿದೆ ಎಂದ. ನಾನು ಅರ್ಧಕ್ಕೇ ಬಿಟ್ಟೆ, ನನ್ನ ಮನಸ್ಸು ಅಲ್ಲಿರಲಿಲ್ಲ.

ಡೈರಿಯಲ್ಲಿ ಲೆಕ್ಕ ಇಟ್ಟಿದ್ದೇನೆ. ಮಗನೂ ನಾನೂ ಈವರೆಗೆ 20 ಪಂದ್ಯ ಆಡಿದ್ದೇವೆ. ಲೂಯಿಸ್ 12, ಟೈಸನ್ 8. ಟೈಸನ್ ಗೆದ್ದ ಎಂಟೂ ಐದನೇ ಸುತ್ತಿನ ಒಳಗೆ. ಐದು ದಾಟಿತೆಂದರೆ ಆ ಎಡಗೈ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಉಡುಪಿಯವನಿಗೆ ಫೋನ್ ಮಾಡಿ ಹೇಳಿದೆ, ಕೈಯ ಉದ್ದದ ವಿಷಯದಲ್ಲಿ ನೀನು ಹೇಳಿದ್ದು ಸರಿ ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದ್ರೂ ಐದು ಸುತ್ತಿನ ಒಳಗೆ ಹೆದರಿಕೆ ಇತ್ತು ಮಾರಾಯ, ನನಗೂ” ಎಂದ.

ಟೈಸನ್, ಲೂಯಿಸ್ ಹದಿಹರೆಯದಲ್ಲೇ ಒಮ್ಮೆ ಕೈ ಮಿಲಾಯಿಸಿದ್ದರು. 1984ರಲ್ಲಿ ಕಿಚನರ್‌ನ ಕೋಚ್ ಆರ್ನಿ ಬೋಮ್ ಲೂಯಿಸ್‌ನನ್ನು ಕ್ಯಾಟ್‌ಸ್ಕಿಲ್‌ಗೆ ಕರೆದುಕೊಂಡು ಹೋಗಿ ಟೈಸನ್ ಜೊತೆ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡಿಸಿದ್ದ. ನೀವಿಬ್ಬರೂ ಮುಂದೊಂದು ದಿನ ರಿಂಗ್‌ನಲ್ಲಿ ಎದುರಾಗುತ್ತೀರಿ ಎಂದು ಡಿ’ಅಮಾಟೊ ಅಂದಿದ್ದನಂತೆ. ಮೆಂಫಿಸ್ ಪಂದ್ಯ ಮುಗಿದ ಮೇಲೆ, ಸೋತ ಟೈಸನ್ ಸಂದರ್ಶನದ ನಡುವೆ ಕೈ ಚಾಚಿ ಲೂಯಿಸ್‌ನ ಕೆನ್ನೆ ಒರೆಸಿದ. ವಿಡಿಯೋದಲ್ಲಿ ಅದನ್ನು ಮಗನಿಗೆ ತೋರಿಸಿದೆ. ಅವನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದ. ಆಮೇಲೆ ಕಂಟ್ರೋಲರ್ ನನ್ನ ಕೈಗೆ ಕೊಟ್ಟು, “ಅಪ್ಪ, ಈ ಸಲ ನೀವು ಲೂಯಿಸ್ ಆಗಿ, ನಾನು ಟೈಸನ್” ಎಂದ.